ಪಂಚಾಂಗ ಬರೆದ ಕೆಪ್ಲರನು

ಯುಗಾದಿಗೆ ನಾವು ಹೊಸ ಪಂಚಾಂಗ ತರುವಂತೆ, ನಾಲ್ಕುನೂರು ವರ್ಷಗಳ ಹಿಂದೆ ಯೂರೋಪಿನ ಗೃಹಸ್ಥರೂ ವರ್ಷಕ್ಕೊಂದು ಪಂಚಾಂಗವನ್ನು ಕೊಳ್ಳುತ್ತಿದ್ದರು. ಬಿತ್ತನೆಗೆ ಯಾವ ದಿನ ಲೇಸು, ರೋಗಿಯ ರಕ್ತ ತೆಗೆಸುವುದೆಂದು, ಈ ಸಲದ ಚಳಿ ಎಂತಹದು, ಯುದ್ಧವೇನಾದರೂ ಒದಗೀತೇ ಎಂಬುದಕ್ಕೆಲ್ಲ ಅದೇ ಆಧಾರ. ಗ್ರಹಗತಿಯ ನಿಯಮಗಳನ್ನು ಕಂಡುಹಿಡಿದ ಯೋಹಾನ್ ಕೆಪ್ಲರನೂ ಇಂತಹ ಪಂಚಾಂಗಗಳನ್ನು ಬರೆದವನೇ.

ಈತನು 1571ನೆಯ ಇಸವಿ ಡಿಸೆಂಬರ್ 27ರಂದು ಜರ್ಮನಿಯ ವೈಲ್ ಎಂಬ ಪಟ್ಟಣದಲ್ಲಿ ಜನಿಸಿದನು. ಬಾಲ್ಯದಲ್ಲಿ ಸಿಡುಬು ಬಂದು ಅವನ ದೃಷ್ಟಿ ಮಂದವಾಯಿತು. ಆಕಾಶವನ್ನು ನೋಡಬೇಕಾದವನಿಗೆ ಇದೇನು ಸಣ್ಣ ಕೊರತೆಯೇ! ಮತಶಾಸ್ತ್ರವನ್ನು ಓದುತ್ತಿದ್ದವನು 1594ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದ ಶಾಲೆಗೆ ಗಣಿತದ ಉಪಾಧ್ಯಾಯನಾಗಿ ಹೋದನು. ಮೊದಲ ವರ್ಷ ಅವನ ಪಾಠಕ್ಕೆ ಬಂದವರು ಕೆಲವರೇ. ಎರಡನೆಯ ವರ್ಷ ಒಬ್ಬನೂ ಬರಲಿಲ್ಲ. ಉಪಾಧ್ಯಾಯನ ಸಂಕಟವನ್ನು ಉಪಾಧ್ಯಾಯನೇ ಬಲ್ಲನು.

ಪ್ರಾಂತದ ಪಂಚಾಂಗವನ್ನು ಸಿದ್ಧಪಡಿಸುವುದೂ ಆ ಹುದ್ದೆಗೆ ಸೇರಿದ ಕೆಲಸವಾಗಿತ್ತು. 1595ರ ಪಂಚಾಂಗದಲ್ಲಿ ಅವನು ಕಡುಚಳಿಯನ್ನೂ ತುರ್ಕರ ದಾಳಿಯನ್ನೂ ಸೂಚಿಸಿದ್ದನು. ಎರಡೂ ನಡೆದವು. ಪಾಠದಿಂದ ಬಾರದ ಹೆಸರು ಭವಿಷ್ಯದಿಂದ ಬಂದಿತು! ಗ್ರಹಗಳು ಭೂಮಿಯ ಮೇಲೆ ಪ್ರಭಾವ ಬೀರುತ್ತವೆಂದು ಅವನೂ ನಂಬಿದ್ದನು. ಆದರೆ ಜನ ಬೇಡುತ್ತಿದ್ದ ದಿನದಿನದ ಫಲಗಳಲ್ಲಿ ಅವನಿಗೆ ಗೌರವವಿರಲಿಲ್ಲ. ಹಣದ ಅಗತ್ಯವಿತ್ತು, ಬರೆದನು. ಅದಕ್ಕಾಗಿ ಅವನನ್ನು ಹಳಿಯಲು ನನಗೆ ಮನಸ್ಸಾಗದು.

ಮತಕಲಹದ ದೆಸೆಯಿಂದ 1600ರಲ್ಲಿ ಗ್ರಾಟ್ಸನ್ನು ಬಿಟ್ಟು, ಪ್ರಾಗ್ ನಗರದಲ್ಲಿ ಟೈಕೋ ಬ್ರಾಹೆಯನ್ನು ಸೇರಿದನು. ಮರುವರ್ಷ ಟೈಕೋ ತೀರಿಕೊಳ್ಳಲು, ಚಕ್ರವರ್ತಿ ರುಡಾಲ್ಫನ ಆಸ್ಥಾನ ಗಣಿತಜ್ಞನಾದನು. ಪದವಿ ದೊಡ್ಡದು, ಸಂಬಳ ಸದಾ ಬಾಕಿ. ಟೈಕೋ ಬರೆದಿಟ್ಟಿದ್ದ ವೀಕ್ಷಣೆಗಳೊಡನೆ ವರ್ಷಗಟ್ಟಲೆ ಸೆಣಸಿ, ಮಂಗಳನ ಪಥವು ವೃತ್ತವಲ್ಲ, ದೀರ್ಘವೃತ್ತವೆಂದು 1609ರಲ್ಲಿ ಪ್ರಕಟಿಸಿದನು. ವೃದ್ಧತಾಯಿಯನ್ನು ಮಾಟಗಾತಿಯೆಂದು ಸೆರೆಯಲ್ಲಿಟ್ಟಾಗ ತಾನೇ ಅವಳ ಪಕ್ಷ ವಹಿಸಿ ಹೋರಾಡಿದನು. 1621ರಲ್ಲಿ ಅವಳ ಬಿಡುಗಡೆಯಾಯಿತು.

1627ರಲ್ಲಿ ಅವನ ರುಡಾಲ್ಫೀನ್ ಕೋಷ್ಟಕಗಳು ಅಚ್ಚಾದವು. ಗ್ರಹಸ್ಥಾನಗಳನ್ನು ಅಷ್ಟು ನಿಖರವಾಗಿ ತಿಳಿಸುವ ಗ್ರಂಥ ಅದುವರೆಗೆ ಇರಲಿಲ್ಲ. ಅದರ ಬಲದಿಂದ, 1631ನೆಯ ನವೆಂಬರ್ 7ರಂದು ಬುಧಗ್ರಹವು ಸೂರ್ಯಬಿಂಬವನ್ನು ಹಾದುಹೋಗುವುದೆಂದು ಅವನು ಮುಂಚಿತವಾಗಿಯೇ ಸಾರಿದನು. ಇದು ಪಂಚಾಂಗದ ಫಲವಲ್ಲ, ಲೆಕ್ಕ. ಆದರೆ ಬಾಕಿ ಹಣದ ಚಿಂತೆಯಿಂದ ರೇಗೆನ್ಸ್‌ಬುರ್ಗಿಗೆ ಹೋದವನು ಅಲ್ಲಿಯೇ ಜ್ವರಪೀಡಿತನಾಗಿ 1630ನೆಯ ನವೆಂಬರ್ 15ರಂದು ಮೃತನಾದನು. ಯುದ್ಧದಲ್ಲಿ ಅವನ ಸಮಾಧಿಯೂ ಅಳಿಸಿಹೋಯಿತು.

ಹೇಳಿದ ದಿನ ಪ್ಯಾರಿಸಿನಲ್ಲಿ ಗಸೆಂಡಿಯೆಂಬ ವಿದ್ವಾಂಸನು ಕತ್ತಲೆಯ ಕೋಣೆಯಲ್ಲಿ ಸೂರ್ಯಬಿಂಬವನ್ನು ಕಾಗದದ ಮೇಲೆ ಬೀಳಿಸಿ ಕಾದು ಕುಳಿತನು. ಪುಟ್ಟದೊಂದು ಕರಿಯ ಚುಕ್ಕೆ ಕಾಣಿಸಿತು. ಅಷ್ಟು ಚಿಕ್ಕದಾದುದರಿಂದ ಸೂರ್ಯನ ಕಲೆಯೇ ಇರಬೇಕೆಂದು ಮೊದಲು ಭಾವಿಸಿದನು. ಅದು ಬೇಗಬೇಗನೆ ಸರಿಯತೊಡಗಿದಾಗ ಬುಧನೇ ಎಂದು ತಿಳಿಯಿತು.