ಕಾಳಿ ತೀರದಿಂದ ಅಯೋಧ್ಯೆಯ ಅರಮನೆಗೆ: ಕೌಸಲ್ಯೆಯಾಗಿ ಉಳಿದ ಜಯಶ್ರೀ ಗಡ್ಕರ್

ಕಾರವಾರ: ಅರ್ಗಾ, ಬಿಣಗಾ ದಾಟಿ ಉತ್ತರಕ್ಕೆ ಸಾಗಿದರೆ ಕಾರವಾರ ನಗರ, ಅದರಾಚೆ ಕಾಳಿ ನದಿ. ನದಿಯ ಉತ್ತರ ದಂಡೆಯ ಸದಾಶಿವಗಡದ ಬಳಿಯ ಕಣಸಗಿರಿ ಎಂಬ ಪುಟ್ಟ ಊರಿನಲ್ಲಿ 1942ರಲ್ಲಿ ಜನಿಸಿದ ಹೆಣ್ಣುಮಗಳೊಬ್ಬಳು ಮುಂದೆ ಮರಾಠಿ ಚಿತ್ರರಂಗದ ಅಗ್ರಗಣ್ಯ ನಾಯಕಿಯಾದಳು. ಅದಕ್ಕೂ ಮಿಗಿಲಾಗಿ, ದೇಶದ ಕೋಟ್ಯಂತರ ಮನೆಗಳಿಗೆ ಶ್ರೀರಾಮನ ತಾಯಿಯಾಗಿ ಪರಿಚಿತಳಾದಳು. ಆಕೆಯೇ ಜಯಶ್ರೀ ಗಡ್ಕರ್.

ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಅದು ಸೇರ್ಪಡೆಯಾದದ್ದು 1956ರಲ್ಲಿ. ಹೀಗಾಗಿ ಕಾರವಾರದವರಿಗೆ ಉದ್ಯೋಗ, ವಿದ್ಯೆ, ಕಲೆ ಎಲ್ಲಕ್ಕೂ ಬೆಂಗಳೂರಿಗಿಂತ ಮುಂಬಯಿಯೇ ಸಮೀಪವೆನಿಸಿತ್ತು. ಬಾಲ್ಯದಲ್ಲಿಯೇ ಆ ಮಹಾನಗರ ಸೇರಿದ ಜಯಶ್ರೀ ನೃತ್ಯದ ಮೂಲಕ ಚಿತ್ರರಂಗ ಪ್ರವೇಶಿಸಿದರು. ವಿ. ಶಾಂತಾರಾಂ ಅವರ 'ಝನಕ್ ಝನಕ್ ಪಾಯಲ್ ಬಾಜೆ' (1955) ಚಿತ್ರದಲ್ಲಿ ಅವರು ಸಮೂಹ ನರ್ತಕಿಯರ ಪೈಕಿ ಒಬ್ಬರು, ಅಷ್ಟೆ. ನಾಲ್ಕೇ ವರ್ಷಗಳಲ್ಲಿ ಪರಿಸ್ಥಿತಿ ಬದಲಾಯಿತು. ಅನಂತ ಮಾನೆ ನಿರ್ದೇಶನದ 'ಸಾಂಗತ್ಯೇ ಐಕಾ' (1959) ಪುಣೆಯ ಒಂದೇ ಚಿತ್ರಮಂದಿರದಲ್ಲಿ 130 ವಾರಗಳಿಗೂ ಮಿಗಿಲಾಗಿ ಪ್ರದರ್ಶನ ಕಂಡಿತು. ಹಂಸಾ ವಾಡ್ಕರ್ ಅವರಂತಹ ಹಿರಿಯ ನಟಿ ಇದ್ದ ಆ ಚಿತ್ರದಲ್ಲಿ ಆಶಾ ಭೋಸ್ಲೆ ಕಂಠದ ಲಾವಣಿಗೆ ಹೆಜ್ಜೆ ಹಾಕಿದ ಯುವತಿ ಮನೆಮಾತಾದರು.

ತಮಾಶಾ ಚಿತ್ರಗಳ ನಾಯಕಿ ಎಂಬ ಹಣೆಪಟ್ಟಿಗೆ ಅವರು ಕಟ್ಟುಬೀಳಲಿಲ್ಲ ಎಂಬುದು ಗಮನಾರ್ಹ. 'ಮಾನಿನಿ', 'ವೈಜಯಂತಾ' (ಎರಡೂ 1961), ಭಾಲಜಿ ಪೆಂಢಾರ್ಕರ್ ಅವರ 'ಮೋಹಿತ್ಯಾಂಚಿ ಮಂಜುಳಾ' (1963) ಹಾಗೂ 'ಸಾಧೀ ಮಾಣಸಂ' (1965) ಬೇರೆಬೇರೆ ಬಗೆಯ ಪಾತ್ರಗಳನ್ನು ಅವರಿಗೆ ಒದಗಿಸಿದವು. ಈ ಪೈಕಿ ಕೊನೆಯ ಎರಡಕ್ಕೆ 'ಆನಂದಘನ' ಎಂಬ ಹೆಸರಿನಲ್ಲಿ ಸಂಗೀತ ನೀಡಿದವರು ಲತಾ ಮಂಗೇಶ್ಕರ್. ಹಿಂದಿಯ 'ಹರ ಹರ ಮಹಾದೇವ್' (1974) ಚಿತ್ರದಲ್ಲಿ ದಾರಾ ಸಿಂಗ್ ಶಿವನಾದರೆ ಜಯಶ್ರೀ ಪಾರ್ವತಿ. ನಟ ಬಾಲ್ ಧುರಿ ಅವರನ್ನು ವರಿಸಿದ ಅವರು ಮುಂದೆ ನಿರ್ದೇಶನಕ್ಕೂ ಕೈಹಾಕಿದರು. 'ಅಶೀ ಮೀ ಜಯಶ್ರೀ' ಎಂಬ ಆತ್ಮಕಥೆಯನ್ನೂ ಬರೆದರು.

ಇಷ್ಟೆಲ್ಲ ಸಾಧಿಸಿದ್ದರೂ ಮಹಾರಾಷ್ಟ್ರದ ಹೊರಗೆ ಅವರನ್ನು ಬಲ್ಲವರು ವಿರಳವಾಗಿದ್ದರು. ಆ ಕೊರತೆಯನ್ನು ನೀಗಿಸಿದ್ದು ಕಿರುತೆರೆ.

ಭಾನುವಾರದ ಬೆಳಗು

ಗುಜರಾತಿನ ಉಂಬರಗಾಂವ್‌ನಲ್ಲಿ ಚಿತ್ರೀಕರಣಗೊಂಡ ರಾಮಾನಂದ ಸಾಗರ್ ಅವರ 'ರಾಮಾಯಣ' 1987ರ ಜನವರಿ 25ರಂದು ದೂರದರ್ಶನದಲ್ಲಿ ಆರಂಭವಾಗಿ 1988ರ ಜುಲೈ 31ರಂದು ಮುಕ್ತಾಯಗೊಂಡಿತು. ಒಟ್ಟು 78 ಕಂತುಗಳು. ದಶರಥನಾಗಿ ಬಾಲ್ ಧುರಿ, ಕೌಸಲ್ಯೆಯಾಗಿ ಜಯಶ್ರೀ: ನಿಜ ಜೀವನದ ದಂಪತಿಯೇ ಅಯೋಧ್ಯೆಯ ರಾಜದಂಪತಿ. ಹನುಮಂತನ ಪಾತ್ರದಲ್ಲಿ ಹಳೆಯ ಸಹನಟ ದಾರಾ ಸಿಂಗ್. ಮಗನನ್ನು ವನವಾಸಕ್ಕೆ ಬೀಳ್ಕೊಡುವ ತಾಯಿಯ ಸಂಕಟವನ್ನು ಅಬ್ಬರವಿಲ್ಲದೆ ಅಭಿನಯಿಸಿದ ಅವರಲ್ಲಿ ಲಾವಣಿಯ ನರ್ತಕಿಯ ಸುಳಿವೇ ಇರಲಿಲ್ಲ.

ಧಾರಾವಾಹಿ ಆರಂಭವಾಗುವ ಮೂರು ತಿಂಗಳ ಮೊದಲಷ್ಟೇ, 1986ರ ಅಕ್ಟೋಬರ್‌ನಲ್ಲಿ, ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಗಿತ್ತು. ಅರ್ಗಾ ಸೇರಿದಂತೆ ಕಾರವಾರ, ಅಂಕೋಲಾ ತಾಲ್ಲೂಕುಗಳ ಕರಾವಳಿ ಗ್ರಾಮಗಳ ಸಾವಿರಾರು ಕುಟುಂಬಗಳು ಮುಂದೆ ನೆಲೆ ತೊರೆಯಬೇಕಾಯಿತು. ಜಯಶ್ರೀ ಹುಟ್ಟಿದ ತಾಲ್ಲೂಕಿನಲ್ಲಿ ವನವಾಸ ಕೇವಲ ಪುರಾಣದ ಮಾತಾಗಿ ಉಳಿಯಲಿಲ್ಲ.

ಟೇಪಿನ ಆಯುಷ್ಯ

ಜಯಶ್ರೀ ಗಡ್ಕರ್ 2008ರ ಆಗಸ್ಟ್ 29ರಂದು ಮುಂಬಯಿಯಲ್ಲಿ ನಿಧನರಾದರು. ಅವರ ಕೌಸಲ್ಯೆ ಉಳಿದದ್ದು ಹೇಗೆ ಎಂಬುದು ಮಾತ್ರ ವಿವರವಾಗಿ ನೋಡಬೇಕಾದ ಸಂಗತಿ.

ದೂರದರ್ಶನದ ಆ ಕಾಲದ ಕಾರ್ಯಕ್ರಮಗಳಲ್ಲಿ ಬಹುಪಾಲು ಕಾಂತೀಯ ಟೇಪುಗಳಲ್ಲಿ ದಾಖಲಾದವು. 1971ರಲ್ಲಿ ಮಾರುಕಟ್ಟೆಗೆ ಬಂದ ಮುಕ್ಕಾಲು ಅಂಗುಲದ ಯು-ಮ್ಯಾಟಿಕ್, 1982ರ ಬೀಟಾಕ್ಯಾಮ್ ಇವೆಲ್ಲ ಈಗ ಗತಕಾಲದ ಸರಕು. ಪಾಲಿಯೆಸ್ಟರ್ ಪಟ್ಟಿಗೆ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವವನ್ನು ಹೀರಿ ಕ್ರಮೇಣ ಜಿಗುಟಾಗುತ್ತದೆ. ಹಾಗಾದ ಟೇಪನ್ನು ಯಂತ್ರಕ್ಕೆ ಹಾಕಿದರೆ ಪುಡಿಯೇ ಕಿತ್ತುಬರುತ್ತದೆ, ಜತೆಗೆ ಚಿತ್ರವೂ. ಇದಕ್ಕೆ ತಜ್ಞರು ಅನುಸರಿಸುವ ಉಪಾಯ ವಿಚಿತ್ರವಾದದ್ದು. ಸುಮಾರು 50 ಡಿಗ್ರಿ ಸೆಲ್ಸಿಯಸ್ ಹದವಾದ ಶಾಖದಲ್ಲಿ ಟೇಪನ್ನು ಹಲವು ಗಂಟೆ ಕಾಯಿಸಿ, ತೇವ ಆರಿದ ಬಳಿಕ, ಅದು ಮತ್ತೆ ಕೆಡುವುದರೊಳಗೆ ನಿಧಾನವಾಗಿ ಓಡಿಸಿ ಡಿಜಿಟಲ್ ರೂಪಕ್ಕೆ ಇಳಿಸಿಕೊಳ್ಳುವುದು. ಆದರೆ ಓಡಿಸುವ ಯಂತ್ರಗಳ ತಯಾರಿಕೆಯೇ ನಿಂತಿದೆ. ಸವೆದ ಹೆಡ್ ಬದಲಿಸಲು ಕೆಟ್ಟ ಯಂತ್ರಗಳಿಂದ ಬಿಡಿಭಾಗ ಕಳಚಬೇಕು.

ಇನ್ನೊಂದು ಅಪಾಯ ಮನುಷ್ಯನದೇ. ಟೇಪು ದುಬಾರಿಯಾಗಿದ್ದ ಕಾರಣ ಹಳೆಯದನ್ನು ಅಳಿಸಿ ಹೊಸದನ್ನು ಮುದ್ರಿಸುವುದು ಜಗತ್ತಿನ ಅನೇಕ ವಾಹಿನಿಗಳ ರೂಢಿಯಾಗಿತ್ತು. ಬ್ರಿಟನ್ನಿನ ಬಿಬಿಸಿ ಹೀಗೆಯೇ ತನ್ನ ಜನಪ್ರಿಯ 'ಡಾಕ್ಟರ್ ಹೂ' ಸರಣಿಯ 90ಕ್ಕೂ ಹೆಚ್ಚು ಕಂತುಗಳನ್ನು ಕಳೆದುಕೊಂಡಿತು.

'ರಾಮಾಯಣ'ಕ್ಕೆ ಆ ಗತಿ ಬರಲಿಲ್ಲ. ಬೇಡಿಕೆಯೇ ಅದನ್ನು ಕಾಪಾಡಿತು ಎನ್ನಬೇಕು. ಸಾಗರ್ ಕುಟುಂಬ ಅದನ್ನು ವಿಡಿಯೊ ಕ್ಯಾಸೆಟ್, ನಂತರ ಡಿವಿಡಿ ಎಂದು ಕಾಲಕಾಲಕ್ಕೆ ಹೊಸ ರೂಪಕ್ಕೆ ದಾಟಿಸುತ್ತ ಬಂದಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಘೋಷಣೆಯಾದಾಗ ಆ ಕುಟುಂಬದ ಸಹಕಾರದಿಂದ ಪ್ರಸಾರ ಭಾರತಿ ಧಾರಾವಾಹಿಯನ್ನು ಮರುಪ್ರಸಾರ ಮಾಡಿತು. ಏಪ್ರಿಲ್ 16ರ ಒಂದೇ ದಿನ 7.7 ಕೋಟಿ ಮಂದಿ ವೀಕ್ಷಿಸಿದರೆಂದು ದೂರದರ್ಶನ ಪ್ರಕಟಿಸಿತು. 1987ರಲ್ಲಿ ಹುಟ್ಟಿಯೇ ಇರದ ತಲೆಮಾರು ಅಂದು ಕೌಸಲ್ಯೆಯನ್ನು ಕಂಡಿತು.

ಬೇಡಿಕೆ ಇಲ್ಲದ ಟೇಪುಗಳಿಗೆ ಇಂತಹ ಪೋಷಕರು ಸಿಗುವುದು ಕಷ್ಟ. ಅಂದಿನ ಸ್ಟುಡಿಯೊಗಳಲ್ಲಿ ದಾಖಲಾದ ಯಕ್ಷಗಾನ, ನಾಟಕ, ಸಂದರ್ಶನಗಳನ್ನು ಡಿವಿಡಿ ಮಾಡಿ ಮಾರಲು ಯಾವ ಕುಟುಂಬವೂ ಕಾದು ಕುಳಿತಿರಲಿಲ್ಲ. ಪ್ರಸಾರ ಭಾರತಿಯ ಪತ್ರಾಗಾರ ತನ್ನಲ್ಲಿರುವುದನ್ನು ಡಿಜಿಟಲ್‌ಗೆ ಪರಿವರ್ತಿಸಿ ಹಂತಹಂತವಾಗಿ ಅಂತರ್ಜಾಲಕ್ಕೆ ಏರಿಸಿದೆ. ತೇವಕ್ಕೆ ಮಾತ್ರ ಹಂತಗಳ ಲೆಕ್ಕವಿಲ್ಲ.

ಮರುಪ್ರಸಾರದ ಹೊತ್ತಿಗೆ ಕಣಸಗಿರಿಯ ಆ ಮಗಳು ಕಣ್ಮುಚ್ಚಿ ಹನ್ನೊಂದು ವರ್ಷಗಳು ಕಳೆದಿದ್ದವು.