ಬೆಂಗಳೂರಿನಲ್ಲಿ ಪಾಠ ಹೇಳಿದ ಮ್ಯಾಕ್ಸ್ ಬಾರ್ನ್

ಚಳ್ಳಕೆರೆ, ಮೊಳಕಾಲ್ಮುರು ಭಾಗದ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಹೊಸದಲ್ಲ. ಅದೇ ಸಂಸ್ಥೆಯ ಬೆಂಗಳೂರು ಆವರಣದಲ್ಲಿ 1935-36ರಲ್ಲಿ ಸುಮಾರು ಆರು ತಿಂಗಳು ಇದ್ದು ಪಾಠ ಹೇಳಿದವರು ಮ್ಯಾಕ್ಸ್ ಬಾರ್ನ್.

ಬಾರ್ನ್ ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್ ನಗರದ ಯಹೂದಿ ಕುಟುಂಬದಲ್ಲಿ. 1921ರಿಂದ ಗಟ್ಟಿಂಗೆನ್‌ನಲ್ಲಿ ಪ್ರಾಧ್ಯಾಪಕರು. ಪೌಲಿ, ಹೈಸೆನ್‌ಬರ್ಗ್ ಅಲ್ಲಿ ಅವರ ಸಹಾಯಕರಾಗಿದ್ದರು. ಓಪನ್‌ಹೈಮರ್ ಡಾಕ್ಟರೇಟ್ ಪಡೆದದ್ದೂ ಅವರ ಬಳಿಯೇ.

1926ರಲ್ಲಿ ಶ್ರೋಡಿಂಗರ್ ಎಲೆಕ್ಟ್ರಾನಿಗೆ ತರಂಗ ಸಮೀಕರಣ ಬರೆದರು. ಆದರೆ ಆ ತರಂಗ ಏನನ್ನು ಹೇಳುತ್ತದೆ? ಎಲೆಕ್ಟ್ರಾನ್ ಎಲ್ಲಿ ಸಿಗುವ ಸಂಭವ ಎಷ್ಟು ಎಂಬುದನ್ನು ಎಂದರು ಬಾರ್ನ್. ಕಣಗಳ ಡಿಕ್ಕಿಯನ್ನು ಕುರಿತ ಲೇಖನದಲ್ಲಿ ಅವರು ಮೊದಲು ತರಂಗದ ಪ್ರಮಾಣವನ್ನೇ ಸಂಭವನೀಯತೆಯ ಅಳತೆಯೆಂದು ಬರೆದಿದ್ದರು. ಅಚ್ಚಿನ ಕರಡು ತಿದ್ದುವಾಗ ಒಂದು ಅಡಿಟಿಪ್ಪಣಿ ಸೇರಿಸಿ, ಅದಲ್ಲ, ಅದರ ವರ್ಗ ಎಂದು ಸರಿಪಡಿಸಿದರು. ಕರಿಹಲಗೆಯ ಮೇಲಿನ ತಪ್ಪನ್ನು ಮಕ್ಕಳೆದುರು ಅಳಿಸಲು ಸಂಕೋಚಪಡುವ ನಾವು ಇದನ್ನು ನೆನೆಯಬಹುದು. ಇಂದು ಜಗತ್ತು ಕಲಿಯುತ್ತಿರುವುದು ಆ ಅಡಿಟಿಪ್ಪಣಿಯನ್ನೇ.

ಬ್ರಹ್ಮಗಿರಿಯ ಬುಡದಿಂದ ಮೆಲ್ಲಗೆ ಉರುಳಿಸಿದ ಚೆಂಡು ಹಿಂದಕ್ಕೇ ಬರುತ್ತದೆ. ಎಲೆಕ್ಟ್ರಾನಿಗೆ ಮಾತ್ರ, ತಡೆಯ ಆಚೆಗೂ ಕಾಣಿಸಿಕೊಳ್ಳುವ ಸಣ್ಣ ಸಂಭವವಿದೆ. 1981ರಲ್ಲಿ ಜ್ಯೂರಿಕ್‌ನಲ್ಲಿ ಬಿನ್ನಿಗ್ ಮತ್ತು ರೋರರ್ ರೂಪಿಸಿದ ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕ ನಿಂತಿರುವುದು ಇದರ ಮೇಲೆಯೇ. ಸೂಜಿಯ ಮೊನೆ ಲೋಹವನ್ನು ಮುಟ್ಟುವುದಿಲ್ಲ, ಆದರೂ ವಿದ್ಯುತ್ ಹರಿಯುತ್ತದೆ, ಅಂತರ 0.1 ನ್ಯಾನೋಮೀಟರ್ ಹೆಚ್ಚಿದರೆ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಕೋಣೆಯ ಶಾಖದಲ್ಲಿ ಎಲೆಕ್ಟ್ರಾನುಗಳ ಶಕ್ತಿಯ ಸೂಕ್ಷ್ಮ ವ್ಯತ್ಯಾಸಗಳು ಮಸುಕಾಗುತ್ತವೆ. ದ್ರವ ಹೀಲಿಯಂನಿಂದ 4 ಕೆಲ್ವಿನ್ ಹತ್ತಿರಕ್ಕೆ ತಣಿಸಿದರೆ ಅವು ಬೇರೆಬೇರೆಯಾಗಿ ಕಾಣುತ್ತವೆ.

1933ರಲ್ಲಿ ನಾಜಿ ಸರ್ಕಾರ ಬಾರ್ನ್ ಅವರನ್ನು ಹುದ್ದೆಯಿಂದ ದೂರವಿಟ್ಟಿತು. ಅವರು ಕೇಂಬ್ರಿಡ್ಜ್ ಸೇರಿದರು. ಬೆಂಗಳೂರಿಗೆ ಕರೆಸಿಕೊಂಡವರು ಆಗ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್, ಕಾಯಂ ಪ್ರಾಧ್ಯಾಪಕರಾಗಿ ಉಳಿಸಿಕೊಳ್ಳಬೇಕೆಂಬುದು ಅವರ ಆಸೆ. ಸಭೆಯಲ್ಲಿ ಇಂಗ್ಲಿಷ್ ಸಹೋದ್ಯೋಗಿಯೊಬ್ಬರು, ಬಾರ್ನ್ ಎದುರಿಗೇ ಕುಳಿತಿರುವಾಗ, ನೋಯಿಸುವ ಮಾತುಗಳಲ್ಲಿ ವಿರೋಧಿಸಿದರು. ಹುದ್ದೆ ಆಗಲಿಲ್ಲ. ದೇಶ ಬಿಟ್ಟು ಬಂದವರಿಗೆ ಅದು ಎರಡನೆಯ ಪೆಟ್ಟು. ನಷ್ಟ ನಮ್ಮ ನಾಡಿನದೂ ಹೌದು.

1936ರಿಂದ 1953ರವರೆಗೆ ಎಡಿನ್‌ಬರೋದಲ್ಲಿ ಕಲಿಸಿ ನಿವೃತ್ತರಾದರು. ನೊಬೆಲ್ ಬಂದದ್ದು 1954ರಲ್ಲಿ, ಆ ಲೇಖನದ 28 ವರ್ಷಗಳ ನಂತರ. 1970ರ ಜನವರಿ 5ರಂದು ತೀರಿಕೊಂಡರು. ಗಟ್ಟಿಂಗೆನ್‌ನಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲೆ ಕ್ವಾಂಟಂ ಸಿದ್ಧಾಂತದ ಒಂದು ಸಮೀಕರಣವನ್ನು ಕೆತ್ತಿದ್ದಾರೆ.