ಚಿತ್ರಗಾರ ಒಸಾಮು ತೆಜುಕಾ

ಮಹಾಪುರುಷರ ಚರಿತ್ರೆಯೆಂದೊಡನೆ ರಾಜರು, ಸಂತರು, ದೇಶಭಕ್ತರು ನಮ್ಮ ಕಣ್ಣ ಮುಂದೆ ನಿಲ್ಲುವರು. ಮಾಗಡಿಯ ಕೆಂಪೇಗೌಡರ ಕಥೆಯನ್ನು ಕೇಳುತ್ತ ಬೆಳೆದ ನಾನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಬ್ಬ ಕಾರ್ಟೂನುಗಾರನ ಚರಿತ್ರೆಯನ್ನು ಬರೆದು ತಂದಿರುವುದನ್ನು ಕಂಡು ಗುರುಗಳು ಹುಬ್ಬೇರಿಸಬಹುದು. ಆದರೆ ಕನಕಪುರ, ಚನ್ನಪಟ್ಟಣ, ರಾಮನಗರ, ಮಾಗಡಿಗಳ ಕಡೆಯಿಂದ ಬಸ್ಸಿನಲ್ಲಿ ಬರುವ ನಮ್ಮಲ್ಲಿ ಹಲವರು ದಾರಿಯುದ್ದಕ್ಕೂ ಮೊಬೈಲಿನಲ್ಲಿ ನೋಡುವುದು ಜಪಾನಿನ ಅನಿಮೆಯನ್ನೇ ಎಂಬುದು ಗುಟ್ಟೇನೂ ಅಲ್ಲ. ಅದು ಮಕ್ಕಳಾಟವೆಂದು ಹಿರಿಯರು ಹೇಳುವರು. ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಮೊದಲು, ಆ ಕಲೆಗೆ ತಳಹದಿ ಹಾಕಿದವರಲ್ಲಿ ಅಗ್ರಗಣ್ಯರಾದ ಒಸಾಮು ತೆಜುಕಾ ಅವರ ಬಾಳನ್ನು ಒಮ್ಮೆ ನೋಡುವುದು ನ್ಯಾಯ. ಅವರು ಏನನ್ನು ಬಿಟ್ಟು ಏನನ್ನು ಹಿಡಿದರು, ಅದಕ್ಕೆ ಯಾರು ಯಾರು ಬೆಲೆ ತೆತ್ತರು ಎಂಬುದನ್ನು ಅರಿತರೆ ನಾವು ನೋಡುವ ರೀತಿಯೇ ಬೇರೆಯಾದೀತು.

ತೆಜುಕಾ ಅವರು 1928ನೆಯ ಇಸವಿ ನವೆಂಬರ್ 3ರಂದು ಒಸಾಕಾ ಸೀಮೆಯ ತೊಯೊನಾಕಾದಲ್ಲಿ ಜನಿಸಿದರು. ಬೆಳೆದುದು ನಾಟ್ಯಮಂಡಲಿಗೆ ಹೆಸರಾದ ತಕರಾಜುಕಾ ಎಂಬ ಊರಿನಲ್ಲಿ. ತಂದೆಗೆ ಛಾಯಾಗ್ರಹಣದ ಹವ್ಯಾಸವಿದ್ದಿತು. ಅವರು ಮನೆಗೊಂದು ಸಣ್ಣ ಪ್ರೊಜೆಕ್ಟರನ್ನು ತಂದು ಡಿಸ್ನಿಯ ಚಿತ್ರಗಳನ್ನೂ ಚಾಪ್ಲಿನ್ನನ ಚಿತ್ರಗಳನ್ನೂ ಗೋಡೆಯ ಮೇಲೆ ಆಡಿಸುತ್ತಿದ್ದರು. ತಾಯಿಯಾದರೋ ಚಿತ್ರಕಥೆಗಳ ಪುಸ್ತಕವನ್ನು ಹಿಡಿದು, ಒಂದೊಂದು ಪಾತ್ರಕ್ಕೆ ಒಂದೊಂದು ದನಿಯನ್ನು ತಂದುಕೊಂಡು ಮಕ್ಕಳಿಗೆ ಓದಿ ಹೇಳುತ್ತಿದ್ದರು. ಹುಡುಗ ಕುಳ್ಳ, ಗುಂಗುರು ಕೂದಲು, ಕಣ್ಣಿಗೆ ಕನ್ನಡಕ. ಶಾಲೆಯಲ್ಲಿ ಗೇಲಿ ಮಾಡುವವರಿಗೆ ಕೊರತೆಯಿರಲಿಲ್ಲ. ಚಿತ್ರ ಬರೆಯತೊಡಗಿದ ಮೇಲೆ ಗೇಲಿ ಮಾಡುತ್ತಿದ್ದವರೇ ಸುತ್ತ ಕುಳಿತು ನೋಡತೊಡಗಿದರು.

ಆ ಬಾಲಕನಿಗೆ ಹುಳುಗಳ ಹುಚ್ಚು ಹಿಡಿದಿದ್ದಿತು. ಗುಡ್ಡಗಳಲ್ಲಿ ಅಲೆದು ಚಿಟ್ಟೆ, ಜೀರುಂಡೆಗಳನ್ನು ಹಿಡಿದು ತಂದು ಅವುಗಳ ಚಿತ್ರವನ್ನು ಅಚ್ಚುಕಟ್ಟಾಗಿ ಬರೆಯುತ್ತಿದ್ದನು. ನೆಲದ ಮೇಲೆ ಓಡಾಡುವ ಒಂದು ಜಾತಿಯ ಜೀರುಂಡೆಗೆ ಜಪಾನೀ ಭಾಷೆಯಲ್ಲಿ ಒಸಾಮುಷಿ ಎಂದು ಹೆಸರು. ತನ್ನ ಹೆಸರಿಗೂ ಅದಕ್ಕೂ ಇದ್ದ ಹೋಲಿಕೆಯನ್ನು ಕಂಡು ಹಿಗ್ಗಿ, ಹುಳು ಎಂಬ ಅರ್ಥದ ಒಂದು ಅಕ್ಷರವನ್ನು ತನ್ನ ಹೆಸರಿನ ಬರವಣಿಗೆಗೆ ಸೇರಿಸಿಕೊಂಡನು. ಲೋಕವು ಇಂದಿಗೂ ಆ ಅಕ್ಷರಗಳಿಂದಲೇ ಅವರನ್ನು ಗುರುತಿಸುತ್ತದೆ. ಹುಳುವಿನಿಂದಲೇ ಅನ್ನ ಉಣ್ಣುವ ಸೀಮೆಯಲ್ಲಿ ಹುಟ್ಟಿದ ನನಗೆ ಈ ಸಂಗತಿ ಬಹಳ ಹಿಡಿಸಿತು. ನಮ್ಮ ಮನೆಯಲ್ಲಿ ಹುಳು ಜ್ವರಕ್ಕೆ ಕುಳಿತರೆ ಯಾರೂ ಗಟ್ಟಿಯಾಗಿ ಮಾತನಾಡುವುದಿಲ್ಲ. ಹಣ್ಣಾದರೆ ಯಾರೂ ನಿದ್ದೆ ಮಾಡುವುದಿಲ್ಲ.

ತೆಜುಕಾ ಅವರ ಹರೆಯ ಯುದ್ಧದಲ್ಲಿ ಕಳೆಯಿತು. ಓದುವ ಹುಡುಗರನ್ನು ತರಬೇತಿ ಶಿಬಿರಕ್ಕೂ ಕಾರ್ಖಾನೆಗೂ ಅಟ್ಟಿದ ಕಾಲವದು. ಶಿಬಿರದಲ್ಲಿ ಎರಡು ತೋಳುಗಳಿಗೂ ಹುಳುಕಡ್ಡಿ ಹತ್ತಿ, ಕೈಗಳೇ ಹೋಗುವ ಸ್ಥಿತಿ ಬಂದಿತು. ಒಬ್ಬ ವೈದ್ಯರ ಚಿಕಿತ್ಸೆಯಿಂದ ಅವು ಉಳಿದವು. ತಾನೂ ವೈದ್ಯನಾಗಬೇಕೆಂಬ ಆಸೆ ಅಂದು ಹುಟ್ಟಿತು. 1945ರ ಏಪ್ರಿಲಿನಲ್ಲಿ ಒಸಾಕಾದ ಚಿತ್ರಮಂದಿರವೊಂದರಲ್ಲಿ ನೌಕಾಪಡೆಯವರು ಮಾಡಿಸಿದ್ದ ಮೊಮೊತಾರೊ ಎಂಬ ದೀರ್ಘ ವ್ಯಂಗ್ಯಚಲನಚಿತ್ರವನ್ನು ನೋಡಿದರು. ಯುದ್ಧದ ಪ್ರಚಾರಕ್ಕೆಂದು ಮಾಡಿದ ಚಿತ್ರವೇ ಆದರೂ ಅದರೊಳಗಿನ ಕಲೆಯನ್ನು ಕಂಡು ಕಣ್ಣೀರು ಸುರಿಸಿ, ಎಂದಾದರೊಂದು ದಿನ ತಾನೂ ಇಂತಹುದನ್ನು ಮಾಡುವೆನೆಂದು ನಿಶ್ಚಯಿಸಿದರು. ಅದೇ ಜೂನ್ ತಿಂಗಳಲ್ಲಿ ಕಾರ್ಖಾನೆಯ ಕಾವಲು ಗೋಪುರದ ಮೇಲಿದ್ದಾಗ ವಿಮಾನಗಳು ಬಾಂಬುಗಳನ್ನು ಸುರಿದವು. ತಾವು ಬದುಕಿದರು, ಸುತ್ತಲೂ ಅನೇಕರು ಸತ್ತುಬಿದ್ದುದನ್ನು ಕಂಡರು. ಅಂದು ಕಂಡುದನ್ನು ಅವರು ಮರೆಯಲಿಲ್ಲ. ಅವರ ಕಥೆಗಳಲ್ಲಿ ಮರಣವು ಮತ್ತೆ ಮತ್ತೆ ಬರುವುದಕ್ಕೂ, ಯುದ್ಧವನ್ನು ಎಲ್ಲಿಯೂ ಹೊಗಳದಿರುವುದಕ್ಕೂ ಇದೇ ಕಾರಣ.

ಅದೇ ವರ್ಷ ವೈದ್ಯವಿದ್ಯೆಗೆ ಸೇರಿದರು. 1946ರ ಜನವರಿಯಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಅವರ ಮೊದಲ ಚಿತ್ರಕಥೆ ಅಚ್ಚಾಯಿತು. 1947ರಲ್ಲಿ ಬಂದ ಹೊಸ ನಿಧಿದ್ವೀಪ ಎಂಬ ಪುಸ್ತಕವು ನಾಲ್ಕು ಲಕ್ಷ ಪ್ರತಿ ಮಾರಾಟವಾಯಿತೆಂದು ಹೇಳುವುದುಂಟು. ಹೊಟ್ಟೆಗೇ ಇಲ್ಲದ ಕಾಲದಲ್ಲಿ ಮಿಠಾಯಿ ಅಂಗಡಿಗಳಲ್ಲಿ, ಆಟಿಕೆಯ ಅಂಗಡಿಗಳಲ್ಲಿ ಮಾರುತ್ತಿದ್ದ ಅಗ್ಗದ ಪುಸ್ತಕಗಳವು. ಅದುವರೆಗಿನ ಚಿತ್ರಕಥೆಗಳಲ್ಲಿ ಪಾತ್ರಗಳು ನಾಟಕದ ರಂಗದ ಮೇಲೆ ನಿಂತಂತೆ ನಿಲ್ಲುತ್ತಿದ್ದವು. ತೆಜುಕಾ ಅವರು ಸಿನಿಮಾದ ಕ್ಯಾಮೆರಾದಂತೆ ಹತ್ತಿರ ಹೋದರು, ದೂರ ಸರಿದರು, ಒಂದು ಕ್ಷಣವನ್ನು ಹತ್ತು ಚೌಕಗಳಿಗೆ ಹಿಗ್ಗಿಸಿದರು. ಪುಟ ತಿರುವುವವನಿಗೆ ಮೋಟಾರು ಓಡಿದಂತೆಯೇ ಕಾಣುತ್ತಿದ್ದಿತು.

ಹಗಲು ವೈದ್ಯಶಾಸ್ತ್ರ, ಇರುಳು ಚಿತ್ರ; ಹೀಗೆ ಎಷ್ಟು ದಿನ ನಡೆದೀತು? ಎರಡರಲ್ಲಿ ಯಾವುದನ್ನು ಹಿಡಿಯಲೆಂದು ತಾಯಿಯನ್ನು ಕೇಳಿದರು. ಮನಸ್ಸಿಗೆ ಯಾವುದು ಹೆಚ್ಚು ಪ್ರಿಯವೋ ಅದನ್ನೇ ಹಿಡಿಯೆಂದು ಆಕೆ ಹೇಳಿದಳು. ಅವರು ಚಿತ್ರವನ್ನು ಹಿಡಿದರು. ಆದರೆ ಓದನ್ನು ಅರ್ಧಕ್ಕೆ ಬಿಡಲಿಲ್ಲ. 1951ರಲ್ಲಿ ವ್ಯಾಸಂಗವನ್ನು ಮುಗಿಸಿ, ಸರ್ಕಾರಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, 1961ರಲ್ಲಿ ನಾರಾ ವೈದ್ಯ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟನ್ನೂ ಪಡೆದರು. ಓದಿದ ವಿದ್ಯೆ ವ್ಯರ್ಥವಾಗಲಿಲ್ಲ. ಮುಂದೆ ಬ್ಲ್ಯಾಕ್ ಜ್ಯಾಕ್ ಎಂಬ ಶಸ್ತ್ರವೈದ್ಯನ ಕಥೆಗಳನ್ನು ಬರೆದಾಗ ಅದು ಪುಟಪುಟದಲ್ಲೂ ಕೈಗೆ ಬಂದಿತು.

1952ರಲ್ಲಿ ಬಾಲಕರ ಮಾಸಪತ್ರಿಕೆಯೊಂದರಲ್ಲಿ ಆಟಮ್ ಎಂಬ ಯಂತ್ರಬಾಲಕನ ಕಥೆ ಆರಂಭವಾಗಿ 1968ರವರೆಗೆ ನಡೆಯಿತು. ನಾವು ಅವನನ್ನು ಆಸ್ಟ್ರೋ ಬಾಯ್ ಎಂದು ಬಲ್ಲೆವು. ರಸ್ತೆಯ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ವಿಜ್ಞಾನಿಯೊಬ್ಬನು ಅವನ ರೂಪದ ಯಂತ್ರವನ್ನು ಮಾಡುವನು. ಆ ಮಗು ಬೆಳೆಯುವುದಿಲ್ಲವೆಂದು ತಿಳಿದೊಡನೆ ಸಿಟ್ಟಾಗಿ ಸರ್ಕಸ್ಸಿಗೆ ಮಾರಿಬಿಡುವನು. ಒಂದು ಲಕ್ಷ ಕುದುರೆಗಳ ಬಲವಿದ್ದರೂ ಆಟಮನಿಗೆ ಮನುಷ್ಯರ ನಡುವೆ ಸರಿಸಮನಾದ ಸ್ಥಾನವಿಲ್ಲ. ದುಡಿಯುವವನನ್ನು ಮನುಷ್ಯನೆಂದು ಎಣಿಸದ ಸಮಾಜ ಎಂತಹುದೆಂಬ ಪ್ರಶ್ನೆಯನ್ನು ಹತ್ತು ವರ್ಷದ ಮಕ್ಕಳ ಮುಂದೆ ಇಟ್ಟ ಕಥೆ ಇದು.

ಆ ದಿನಗಳಲ್ಲಿ ತೋಕಿಯೋದ ತೋಕಿವಾ ಎಂಬ ವಠಾರದ ಒಂದು ಕೋಣೆಯಲ್ಲಿ ಅವರು ಬಾಡಿಗೆಗಿದ್ದರು. 1954ರಲ್ಲಿ ಅದನ್ನು ಬಿಟ್ಟಾಗ ಕೋಣೆಗೆ ಬಂದವರು ಹಳ್ಳಿಗಾಡಿನಿಂದ ಬಂದ ಇಬ್ಬರು ತರುಣ ಚಿತ್ರಗಾರರು. ಕೋಣೆಯ ಮುಂಗಡ ಹಣವನ್ನು ತೆಜುಕಾ ಅವರು ಹಿಂದಕ್ಕೆ ಪಡೆಯದೆ ಅವರಿಗೇ ಬಿಟ್ಟುಕೊಟ್ಟರು. ಆ ಇಬ್ಬರು ಫುಜಿಕೊ ಫುಜಿಯೋ ಎಂಬ ಒಂದೇ ಹೆಸರಿನಲ್ಲಿ ಬರೆದರು. ನಮ್ಮ ಮನೆಗಳ ಟಿ.ವಿ.ಯಲ್ಲಿ ತಮ್ಮ ತಂಗಿಯರು ಕಣ್ಣು ಕೀಳದೆ ನೋಡುವ ಡೋರೆಮಾನ್ ಆ ಇಬ್ಬರಲ್ಲಿ ಒಬ್ಬರ ಸೃಷ್ಟಿ.

ಇನ್ನು ಚಲಿಸುವ ಚಿತ್ರದ ಮಾತು. ಮುಷಿ ಪ್ರೊಡಕ್ಷನ್, ಅಂದರೆ ಹುಳುವಿನ ಹೆಸರಿನದೇ ಒಂದು ಸಂಸ್ಥೆಯನ್ನು ಕಟ್ಟಿ, 1963ರ ಜನವರಿ 1ರಂದು ಆಟಮನನ್ನು ಟೆಲಿವಿಷನ್ನಿಗೆ ತಂದರು. ಜಪಾನಿನಲ್ಲಿ ವಾರವಾರವೂ ಅರ್ಧ ಗಂಟೆಯಂತೆ ಬಂದ ಮೊದಲ ವ್ಯಂಗ್ಯಚಲನ ಧಾರಾವಾಹಿ ಇದೇ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಫ್ರೇಮುಗಳು ಓಡುವುವು. ಅಷ್ಟಕ್ಕೂ ಚಿತ್ರ ಬರೆಯುತ್ತ ಕುಳಿತರೆ ವಾರಕ್ಕೊಂದು ಕಂತು ಮುಗಿಯುವ ಮಾತಲ್ಲ. ಆದುದರಿಂದ ಒಂದು ಚಿತ್ರವನ್ನು ಮೂರು ಫ್ರೇಮಿಗೆ ನಿಲ್ಲಿಸಿ ಸೆಕೆಂಡಿಗೆ ಎಂಟರಲ್ಲೇ ತೂಗಿಸಿದರು. ಮಾತನಾಡುವಾಗ ಬಾಯಿ ಮಾತ್ರ ಆಡಿತು. ಒಮ್ಮೆ ಬರೆದ ಹಾರಾಟ, ಓಟಗಳನ್ನು ಎತ್ತಿಟ್ಟು ಮತ್ತೆ ಮತ್ತೆ ಬಳಸಿದರು. ಚನ್ನಪಟ್ಟಣದ ಗೊಂಬೆಯವರು ಒಂದೇ ಅಳತೆಯ ತಲೆಗಳನ್ನೂ ಮೈಗಳನ್ನೂ ಕಡೆದಿಟ್ಟುಕೊಂಡು ಬೇಕಾದಂತೆ ಜೋಡಿಸುವುದನ್ನು ಕಂಡವರಿಗೆ ಈ ಉಪಾಯ ಸುಲಭವಾಗಿ ಅರ್ಥವಾದೀತು. ಧಾರಾವಾಹಿ 193 ಕಂತುಗಳವರೆಗೆ ನಡೆದು 1966ರ ಕೊನೆಯ ದಿನ ಮುಗಿಯಿತು, ಅಮೆರಿಕಕ್ಕೂ ಹೋಯಿತು. 1965ರಲ್ಲಿ ಬಿಳಿಯ ಸಿಂಹದ ಮರಿಯ ಕಥೆಯು ಜಪಾನಿನ ಮೊದಲ ಬಣ್ಣದ ಟಿ.ವಿ. ಅನಿಮೆ ಧಾರಾವಾಹಿಯಾಗಿ ಬಂದಿತು.

ಇಲ್ಲಿ ಒಂದು ದೋಷವನ್ನು ಮುಚ್ಚಿಡಲಾಗದು. ಇತರರು ಪೈಪೋಟಿಗೆ ಬಾರದಿರಲೆಂದು ತೆಜುಕಾ ಅವರು ಆಟಮನ ಕಂತುಗಳನ್ನು ತಯಾರಿಕೆಯ ಖರ್ಚಿಗಿಂತಲೂ ಕಡಿಮೆ ಬೆಲೆಗೆ ಮಾರಿದರು. ಬೊಂಬೆ, ಮಿಠಾಯಿಗಳ ಮೇಲೆ ಆಟಮನ ಚಿತ್ರವನ್ನು ಹಾಕಲು ಕೊಟ್ಟ ಹಣದಿಂದ ನಷ್ಟವನ್ನು ತುಂಬಿಕೊಂಡರು. ತಮ್ಮ ಗಳಿಕೆಯನ್ನೂ ಸುರಿದರು. ಆದರೆ ಇಳಿಸಿದ ಬೆಲೆ ಹಿಂದಕ್ಕೆ ಏರುವುದು ಕಷ್ಟ. ಮೇಜಿನ ಮುಂದೆ ಕುಳಿತು ರಾತ್ರಿಯೆಲ್ಲ ಗೆರೆ ಎಳೆಯುವವರ ಕೂಲಿ ಆ ಉದ್ಯಮದಲ್ಲಿ ಬಹುಕಾಲ ಕೆಳಗೇ ಉಳಿಯಿತೆಂದೂ ಅದಕ್ಕೆ ಈ ವ್ಯಾಪಾರವೂ ಒಂದು ಕಾರಣವೆಂದೂ ಅನೇಕರು ದೂರಿರುವರು. ಹಯಾವೋ ಮಿಯಾಜಾಕಿ ಅವರಂತಹ ನಿರ್ದೇಶಕರೇ ತೆಜುಕಾ ಅವರು ತೀರಿಹೋದ ವರ್ಷ ಇದನ್ನು ನೇರವಾಗಿ ಬರೆದರು. ತಾವು ಕೆಲಸವನ್ನು ಪ್ರೀತಿಸುವರೆಂದು ಇತರರ ದುಡಿಮೆಯನ್ನೂ ಅಗ್ಗಕ್ಕೆ ಕೊಡುವ ಅಧಿಕಾರ ಯಾರಿಗೂ ಇಲ್ಲವೆಂದು ನನ್ನ ಅಭಿಪ್ರಾಯ. ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವಾಗ ತಂದೆಯ ಪಕ್ಕದಲ್ಲಿ ನಿಂತವನಿಗೆ ಅಗ್ಗವೆಂಬ ಮಾತಿನ ಅರ್ಥವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

1973ರಲ್ಲಿ ಮುಷಿ ಪ್ರೊಡಕ್ಷನ್ ದಿವಾಳಿಯಾಯಿತು. ತೆಜುಕಾ ಅವರು ಅದಕ್ಕೆ ಮೊದಲೇ ಅಧ್ಯಕ್ಷತೆಯನ್ನು ಬಿಟ್ಟಿದ್ದರೂ ಸಾಲದ ಹೊರೆ ಅವರ ಮೇಲೆಯೇ ಬಿದ್ದಿತು, ಮನೆಯೂ ಹೋಯಿತು. ಅವರ ಕಾಲ ಮುಗಿಯಿತೆಂದು ಪತ್ರಿಕೆಯವರು ಆಡಿಕೊಂಡರು. ಆದರೆ ಮಾಗಡಿ ಕಡೆಯ ಬಿತ್ತನೆ ಗೂಡಿನಿಂದ ಚಿಟ್ಟೆ ಹೊರಬಂದು ಮೊಟ್ಟೆಯಿಡುವಂತೆ, ಆ ಮುರಿದ ಸಂಸ್ಥೆಯಿಂದ ಹೊರಬಂದವರು ಹೊಸ ಹೊಸ ಸಂಸ್ಥೆಗಳನ್ನು ಕಟ್ಟಿದರು. ಸನ್‌ರೈಸ್, ಮ್ಯಾಡ್‌ಹೌಸ್ ಎಂಬ ಹೆಸರುಗಳನ್ನು ನಮ್ಮ ಗೆಳೆಯರು ಬಲ್ಲರು. ಎರಡಕ್ಕೂ ಮೂಲ ಅದೇ. 1979ರ ಗುಂಡಮ್ ಧಾರಾವಾಹಿಯ ನಿರ್ದೇಶಕ ಯೊಷಿಯುಕಿ ತೊಮಿನೊ ಅವರು ಕೆಲಸ ಕಲಿತುದೂ ಆಟಮನ ಕಂತುಗಳಲ್ಲಿಯೇ.

ತೆಜುಕಾ ಅವರೂ ಕುಗ್ಗಲಿಲ್ಲ. ಅದೇ 1973ರ ನವೆಂಬರಿನಲ್ಲಿ ಬ್ಲ್ಯಾಕ್ ಜ್ಯಾಕ್ ಆರಂಭವಾಗಿ ಅವರನ್ನು ಮತ್ತೆ ಮೇಲೆತ್ತಿತು. 1972ರಿಂದ 1983ರವರೆಗೆ ಬುದ್ಧನ ಕಥೆಯನ್ನು ಬರೆದರು. ಅದರ ಆರಂಭದಲ್ಲಿ ಛಪ್ರ ಎಂಬ ದಾಸಕುಲದ ಹುಡುಗನೊಬ್ಬನು ಹುಟ್ಟನ್ನು ಮುಚ್ಚಿಟ್ಟು ಸೇನಾಪತಿಯ ಮಗನಾಗಿ ಬೆಳೆಯುವನು. ಅವನನ್ನು ಹುಡುಕಿಕೊಂಡು ತಾಯಿ ಬರುವಳು. ಕೊನೆಗೆ ಗುಟ್ಟು ಹೊರಬಿದ್ದಾಗ ಅವನು ತಾಯಿಯನ್ನು ಬಿಟ್ಟುಕೊಡದೆ ಅವಳೊಡನೆ ಸಾಯುವನು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಾನು ಆ ಭಾಗವನ್ನು ಓದಿ ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆನು. ಇಂಗ್ಲಿಷು ಮಾತನಾಡುವ ಗೆಳೆಯರ ಮುಂದೆ, ಸೊಪ್ಪಿನ ಕಲೆಯಿದ್ದ ಸೀರೆಯಲ್ಲಿ ಬಂದ ತಾಯಿಯನ್ನು ಕಂಡು ಒಮ್ಮೆ ನಾನು ಬೇರೆ ಕಡೆ ಮುಖ ತಿರುಗಿಸಿದ್ದುಂಟು. ಕಾರ್ಟೂನು ಮಕ್ಕಳಾಟವೆಂದು ಅಂದಿನಿಂದ ನಾನು ಹೇಳಲಾರೆ.

1989ರ ಫೆಬ್ರವರಿ 9ರಂದು ಜಠರದ ಕ್ಯಾನ್ಸರಿನಿಂದ ತೆಜುಕಾ ಅವರು ತೋಕಿಯೋದಲ್ಲಿ ತೀರಿಕೊಂಡರು. ವಯಸ್ಸು ಅರವತ್ತು. ಆಸ್ಪತ್ರೆಯ ಹಾಸಿಗೆಯಲ್ಲಿಯೂ ಪೆನ್ಸಿಲನ್ನು ಕೇಳುತ್ತಿದ್ದರು. ಕೆಲಸ ಮಾಡಲು ಬಿಡಿರೆಂದು ಬೇಡುತ್ತಿದ್ದರು. ಸುಮಾರು 700 ಕೃತಿಗಳು, ಒಂದೂವರೆ ಲಕ್ಷ ಪುಟಗಳು ಅವರ ಕೈಯಿಂದ ಬಂದುವೆಂದು ಲೆಕ್ಕ. 1954ರಿಂದ ಬಾಳಿನುದ್ದಕ್ಕೂ ಬರೆದ ಫೀನಿಕ್ಸ್ ಪಕ್ಷಿಯ ಕಥೆ ಮುಗಿಯದೆ ಉಳಿಯಿತು. 1994ರಲ್ಲಿ ತಕರಾಜುಕಾದಲ್ಲಿ ಅವರ ಹೆಸರಿನ ಸ್ಮಾರಕ ಭವನವು ತೆರೆಯಿತು.

ಅವರನ್ನು ಅರಿಯಬಯಸುವ ಗೆಳೆಯರಿಗೆ ನನ್ನ ಸಲಹೆ ಇಷ್ಟು. ಮೊದಲು 1984ರ ಜಂಪಿಂಗ್ ಎಂಬ ಕೆಲವೇ ನಿಮಿಷಗಳ ಚಿತ್ರವನ್ನು ನೋಡಿರಿ. ಅದು ಜಾಗ್ರೆಬ್ ಉತ್ಸವದಲ್ಲಿ ಮೊದಲ ಬಹುಮಾನ ಪಡೆಯಿತು. ಮಗುವಿನ ಒಂದು ಜಿಗಿತ ಬೀದಿಯಿಂದ ಯುದ್ಧಭೂಮಿಯವರೆಗೆ ಒಯ್ಯುವ ಬಗೆಯನ್ನು ನಮ್ಮ ಗುರುಗಳೂ ನೋಡಬಹುದು. ಅದರಲ್ಲಿ ಭಾಷೆಯ ತೊಡಕಿಲ್ಲ. ಅನಂತರ ಆಟಮನ ಮೊದಲ ಕಂತು. ಆ ಮೇಲೆ ಆಟಮನ ಒಂದು ಕಥೆಯನ್ನು ನವೋಕಿ ಉರಸಾವಾ ಅವರು ದೊಡ್ಡವರಿಗಾಗಿ ಹೊಸದಾಗಿ ಹೇಳಿದ ಪ್ಲೂಟೋ. ಅದು 2023ರಲ್ಲಿ ಎಂಟು ಕಂತುಗಳ ಧಾರಾವಾಹಿಯಾಗಿ ಬಂದಿತು. ರಿಂತಾರೊ ಅವರು 2001ರಲ್ಲಿ ತೆಗೆದ ಮೆಟ್ರೊಪೊಲಿಸ್ ಕಣ್ಣಿಗೆ ಹಬ್ಬ. ಓದುವವರು ಬುದ್ಧನಿಂದ ಆರಂಭಿಸಬಹುದು. ಇಂಗ್ಲಿಷಿನಲ್ಲಿ ಎಂಟು ಸಂಪುಟಗಳಾಗಿ ದೊರೆಯುವುದು.

ನೋಡಿ ಮುಗಿಸಿದ ಮೇಲೆ ಕೊನೆಯಲ್ಲಿ ಓಡುವ ಹೆಸರುಗಳನ್ನು ದಾಟಿಸಬೇಡಿರೆಂಬುದೊಂದು ಬಿನ್ನಹ. ನಮಗೆ ಓದಲು ಬಾರದ ಲಿಪಿಯೇ ಇರಲಿ, ಅವು ರಾತ್ರಿ ನಿದ್ದೆಗೆಟ್ಟು ದುಡಿದವರ ಹೆಸರುಗಳು. ಪ್ರಿಯವಾದ ಕೆಲಸವನ್ನು ಹಿಡಿಯುವ ಧೈರ್ಯವನ್ನು ತೆಜುಕಾ ಅವರಿಂದ ಕಲಿಯೋಣ. ಜೊತೆಯಲ್ಲಿ ದುಡಿಯುವವರ ಕೂಲಿಯನ್ನು ಮರೆಯಬಾರದೆಂಬುದನ್ನು ಅವರ ತಪ್ಪಿನಿಂದ ಕಲಿಯೋಣ. ಪದವಿ ಪಡೆದು ಹೊರಟಿರುವ ನಮಗೆ ಎರಡೂ ಬೇಕಾದ ಪಾಠಗಳೇ.